ಅಪ್ಪ ಹೇಳಿಕೊಡದ ಪಾಪ

ಹಿರಿಯನಷ್ಟು ಪುಕ್ಕಲ ಮನುಷ್ಯ ಕಟ್ಟಬೆಟ್ಟಿನ ಸುತ್ತಮುತ್ತ ಹುಡುಕಿದರೂ ಸಿಗಲಿಕ್ಕಿಲ್ಲ. ಹೆಸರಿಗೆ ಹಿರಿಯ, ವಯಸ್ಸೂ ಅರುವತ್ತು ದಾಟಿದೆ, ಅಂಜಿಕೆ ಮಾತ್ರ ಹಾಲುಹಲ್ಲಿನ ಮಗುವಿನದು. ಟೀ ಗಿಡಗಳ ಸಾಲಿನಲ್ಲಿ ಕಾಟಿ ಎಂಬ ಕಾಡುಕೋಣ ಮಲಗಿದ್ದರೆ ಎಂಬ ಅಂಜಿಕೆ. ದೇವಸ್ಥಾನದ ದೀಪದೆಣ್ಣೆ ಕುಡಿಯಲು ಬರುವ ಕರಡಿ ದಾರಿ ತಪ್ಪಿ ತನ್ನ ಅಡುಗೆಮನೆಗೆ ಬಂದರೆ ಎಂಬ ಅಂಜಿಕೆ. ಮಂಜು ಕವಿದ ದಿನ ಕೋತಗಿರಿ ಬಸ್ಸು ಹಳ್ಳಕ್ಕೆ ಉರುಳಿದರೆ ಎಂಬ ಅಂಜಿಕೆ. ಆ ಬಸ್ಸಿನಲ್ಲಿ ಅವನಿರಬೇಕೆಂದೂ ಇಲ್ಲ. "ನೆರಳ ಕಂಡರೆ ನೆರಳಿಗೇ ಕೈ ಮುಗಿಯುವ ಗಂಡ" ಎಂದು ಹೆಂಡತಿ ಪಂಕಜಂ ನಗುತ್ತಾಳೆ.

ಇಂಥವನ ಬಾಯಿಗೆ ಹಟ್ಟಿಯ ಅತಿ ಭಾರದ ಕೆಲಸ ಬಂದು ಬಿದ್ದಿತ್ತು. ಊಟಿ, ಕೋತಗಿರಿ ಬೆಟ್ಟಗಳ ಬಡಗರ ಹಟ್ಟಿಯಲ್ಲಿ ಸಾವಾದರೆ, ಹೆಣ ಎತ್ತುವ ಮೊದಲು ಒಬ್ಬ ಎದ್ದು ನಿಂತು ಸತ್ತವರ ಪಾಪಗಳನ್ನೆಲ್ಲ ಗಟ್ಟಿಯಾಗಿ ಹೇಳಬೇಕು. ಇದಕ್ಕೆ ಕರು ಹರಚೋದು ಎನ್ನುತ್ತಾರೆ. ಹಿಂದೆ ನಿಜವಾಗಿಯೂ ಒಂದು ಕರುವನ್ನು ತಂದು, ಪಾಪವನ್ನೆಲ್ಲ ಅದರ ಮೇಲೆ ಹೊರಿಸಿ ಅಡ್ಡಾಡಲು ಬಿಡುತ್ತಿದ್ದರಂತೆ. ಈಗ ಈ ಹಟ್ಟಿಯಲ್ಲಿ ಕರು ಇಲ್ಲ, ಹೆಸರು ಉಳಿದಿದೆ. ಸತ್ತವರು ಆ ಪಾಪ ಮಾಡಿದ್ದರೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ. ಮನುಷ್ಯ ಮಾಡಬಹುದಾದ್ದನ್ನೆಲ್ಲ ಹೇಳಿಬಿಡುವುದು, ಒಂದೊಂದಕ್ಕೂ ಸೇರಿದ ಜನ "ಪಾಪ, ಹೋಗಲಿ!" ಎನ್ನುವುದು. ಗಡಿಕಲ್ಲು ಸರಿಸಿದ ಪಾಪ. ಹೋಗಲಿ. ಹಸಿದವನ ಮುಂದೆ ಮಡಕೆ ಮುಚ್ಚಿದ ಪಾಪ. ಹೋಗಲಿ.

ಹಟ್ಟಿಯವರ ಬಾಯಲ್ಲಿ ಹೇಳುವುದೆಲ್ಲ "ಹೇಗೋದು", ಈ ಕೆಲಸಕ್ಕೂ ಅದೇ ಹೆಸರು. ಹಿರಿಯನ ಅಪ್ಪ ಹೇಗುತ್ತಿದ್ದವನು, ಅವನ ಅಪ್ಪನೂ ಅಷ್ಟೇ. ಅಪ್ಪ ಕಲಿಸುವಾಗ ಪಾಪಗಳ ಜೊತೆಗೆ ಒಂದು ಬೆದರಿಕೆಯನ್ನೂ ಕಲಿಸಿದ್ದ. ಒಂದನ್ನು ಬಿಟ್ಟರೆ ಅದು ಸತ್ತವನ ಜೊತೆಗೇ ಹೋಗುತ್ತದೆ. ಹೇಳಿದ್ದಕ್ಕೆ ಜನ ಉತ್ತರ ಕೊಡದಿದ್ದರೆ ಸತ್ತವನಿಗೂ ಅಂಟುತ್ತದೆ, ಹೇಳಿದವನ ಕುತ್ತಿಗೆಗೂ ಸುತ್ತಿಕೊಳ್ಳುತ್ತದೆ. ಹಿರಿಯ ಅದನ್ನು ಅಕ್ಷರಕ್ಕೆ ಅಕ್ಷರ ನಂಬಿದ್ದ. ಸಾವಿನ ಸುದ್ದಿ ಬಂದ ಬೆಳಿಗ್ಗೆ ಅವನಿಗೆ ಹೊಟ್ಟೆ ಕೆಡುವುದು ಗ್ಯಾರಂಟಿ.

ಹಟ್ಟಿಯ ಹೆಸರು ಬೇಡ, ಜಗಳಕ್ಕೆ ಬರುವವರಿದ್ದಾರೆ. ಕಟ್ಟಬೆಟ್ಟಿನಿಂದ ಇಳಿದರೆ ಟೀ ನಡುವೆ ಎರಡು ಸಾಲು ಮನೆ, ಒಂದು ಹೆತ್ತೆಯಮ್ಮನ ಗುಡಿ, ರಸ್ತೆಯಂಚಿಗೆ ಎಲೆ ಶೆಡ್ಡು. ಸಣ್ಣ ಬೆಳೆಗಾರರು ಕಿತ್ತ ಎಲೆಯನ್ನು ಅಲ್ಲಿಗೆ ತಂದು ತೂಕ ಹಾಕಿಸುತ್ತಾರೆ, ಫ್ಯಾಕ್ಟರಿ ಲಾರಿ ಬಂದು ಒಯ್ಯುತ್ತದೆ. ತೂಕ ಹಾಕುವವನು ಹಿರಿಯ. ತಕ್ಕಡಿಯ ಮುಳ್ಳು ಅಲುಗಿದರೂ ಯಾರಿಗೆ ಸಿಟ್ಟು ಬಂತೋ ಎಂದು ಮುಖ ನೋಡುತ್ತಾನೆ.

ಅವನು ಎಲ್ಲಕ್ಕಿಂತ ಹೆಚ್ಚು ಅಂಜುತ್ತಿದ್ದದ್ದು ಕಾಟಿಗಲ್ಲ, ಹಾಲನ್ ಗೌಡರಿಗೆ. ಹಟ್ಟಿಯ ಯಜಮಾನರು. ಅವರ ಮಾತೆಂದರೆ ಹೆತ್ತೆಯ ಮಾತು. ಕೆಟ್ಟವರೆಂದು ಅವರ ಶತ್ರುವೂ ಹೇಳಲಾರ. ರಸ್ತೆಯ ತಿರುವಿಗೆ ಸಾರಾಯಿ ಅಂಗಡಿ ಬರುತ್ತದೆಂದಾಗ ಹೆಂಗಸರನ್ನೆಲ್ಲ ಗುಡಿಯ ಮುಂದೆ ಕೂರಿಸಿ ಅದನ್ನು ಓಡಿಸಿದವರು ಅವರು. ರೆಸಾರ್ಟಿನವರು ಸುತ್ತಲಿನ ಹಟ್ಟಿಗಳ ಗುಡ್ಡವನ್ನೆಲ್ಲ ಕೊಂಡು ಬೇಲಿ ಹಾಕಿದಾಗ, "ಹೆತ್ತೆಯ ಮೆರವಣಿಗೆ ನಡೆದ ಮಣ್ಣ ಮಾರಿದವ ಈ ಹಟ್ಟಿಯವ ಅಲ್ಲ" ಎಂದುಬಿಟ್ಟರು, ಒಬ್ಬನೂ ಮಾರಲಿಲ್ಲ. ದೇವರ ಅಂಜಿಕೆ ಇಲ್ಲದಿದ್ದರೆ ಆ ಹಟ್ಟಿ ಇಷ್ಟು ಹೊತ್ತಿಗೆ ಕಾಟೇಜುಗಳ ಸಾಲಾಗುತ್ತಿತ್ತು. ಇದನ್ನು ಒಪ್ಪಿಕೊಂಡೇ ಮುಂದಿನದನ್ನು ಹೇಳಬೇಕು.

ಮುಂದಿನದು ಗೌಡರ ತಂಗಿ ತಂಗಮ್ಮನ ಕಥೆ. ಗಂಡ ಸತ್ತ ಮೇಲೆ ಅವಳು ತವರಿಗೆ ವಾಪಸು ಬಂದಿದ್ದಳು. ಅಣ್ಣನೇ ಹಟ್ಟಿಯ ಕೆಳಗಿನ ಅಂಚಿಗೆ ಒಂದು ಮನೆ, ಒಂದಿಷ್ಟು ಟೀ ಕೊಟ್ಟಿದ್ದರು. ಅವಳ ತೋಟಕ್ಕೆ ಜಾರ್ಖಂಡಿನಿಂದ ಬಂದ ಫೂಲ್ಮನಿ ಎಂಬ ಹೆಂಗಸು ಎಲೆ ಕೀಳಲು ಬರುತ್ತಿದ್ದಳು. ಆರು ವರ್ಷದ ಹಿಂದೆ, ಹೆತ್ತೆ ಹಬ್ಬದ ನೇಮದ ಕಾಲದಲ್ಲಿ, ಆ ಫೂಲ್ಮನಿಯನ್ನು ಕಾಟಿ ತಿವಿದು ಕೊಂದಿತು. ಆಸ್ಪತ್ರೆಯಿಂದ ಹೆಣ ಸಿಕ್ಕಿತು. ಊರಿಗೆ ಒಯ್ಯುವ ಗಾಡಿ ಮಾರನೆಯ ದಿನಕ್ಕೆ. ಬಾಡಿಗೆ ಮನೆಯ ಮಾಲೀಕ ಹೆಣವನ್ನು ಒಳಗೆ ಬಿಡಲಿಲ್ಲ. ಕೊರೆಯುವ ಚಳಿಯಲ್ಲಿ, ಜಿನುಗುವ ಮಂಜಿನಲ್ಲಿ, ಅವಳ ಗಂಡ ಹೆಣದ ಪಕ್ಕ ರಸ್ತೆಯಲ್ಲಿ ಕೂತಿದ್ದ. ತಂಗಮ್ಮ ಹೋಗಿ ಅವನನ್ನು ಕರೆದಳು, ಹೆಣವನ್ನು ತನ್ನ ಮನೆಯೊಳಗೆ ಮಲಗಿಸಿ ತಲೆಯ ಹತ್ತಿರ ದೀಪ ಹಚ್ಚಿದಳು.

ನೇಮ ಹಿಡಿದ ಹಟ್ಟಿಯ ಗಡಿಯೊಳಗೆ ಪರರ ಸೂತಕ ಬಂತು. ಆ ವರ್ಷ ಹೆತ್ತೆಯ ಕೊಡೆ ಎದ್ದು ನಡೆಯಲಿಲ್ಲ, ಮೆರವಣಿಗೆ ನಿಂತಿತು. ನ್ಯಾಯ ತೀರಿಸಲು ಹಟ್ಟಿಯ ಕೂಟ ಸೇರಿತು. ತಪ್ಪಾಯಿತೆಂದು ಗುಡಿಯ ಮುಂದೆ ಬಿದ್ದು ಹೇಳಿದರೆ ಸಾಕು ಎಂದರು ಗೌಡರು. "ತಪ್ಪು ಮಾಡಿದರೆ ಅಲ್ಲವಾ ಹೇಗೋದು?" ಎಂದಳು ತಂಗಮ್ಮ. ಮುಗಿಯಿತು. ಅವಳನ್ನು ಹೊರಗೆ ಹಾಕಿದರು. ಅವಳಿಗೆ ಯಾರೂ ಉಪ್ಪು ಕೊಡುವಂತಿಲ್ಲ, ಅವಳ ಮನೆಯ ನೀರು ಕುಡಿಯುವಂತಿಲ್ಲ, ಸಾವಿಗೆ ಮದುವೆಗೆ ಕರೆಯುವಂತಿಲ್ಲ. ಒಡಹುಟ್ಟಿದ ತಂಗಿಯನ್ನೂ ಬಿಡಲಿಲ್ಲ ನೋಡಿ ಎಂದು ಜನ ಗೌಡರಿಗೆ ಇನ್ನಷ್ಟು ತಲೆ ಬಾಗಿಸಿದರು. ಆ ಚಳಿಗಾಲ ಇಬ್ಬನಿ ಹೆಪ್ಪುಗಟ್ಟಿ ಟೀ ಸುಟ್ಟುಹೋದದ್ದೂ ಅವಳ ತಲೆಗೇ ಬಂತು, ಬೇರೆ ವರ್ಷ ಸುಟ್ಟೇ ಇಲ್ಲವೇನೋ ಎಂಬಂತೆ!

ಹೊರಗೆ ಹಾಕಿದ ಮರುದಿನ ತಂಗಮ್ಮ ಎಂದಿನಂತೆ ಎಲೆ ಮೂಟೆ ಹೊತ್ತು ಶೆಡ್ಡಿಗೆ ಬಂದಳು. ಸಾಲಿನಲ್ಲಿದ್ದವರೆಲ್ಲ ಪಕ್ಕಕ್ಕೆ ಸರಿದರು. ಹಿರಿಯ ತಲೆ ಎತ್ತಲಿಲ್ಲ. "ಇಲ್ಲಿ ಬೇಡ ತಂಗಮ್ಮಾ" ಎಂದು ತಕ್ಕಡಿಗೆ ಹೇಳಿದ. ಅವಳು ಮೂಟೆಯನ್ನು ಮತ್ತೆ ತಲೆಗೇರಿಸಿ ಮುಂದಿನ ಹಟ್ಟಿಯ ಶೆಡ್ಡಿಗೆ ಗುಡ್ಡ ಹತ್ತಿ ಹೋದಳು. ಅಂದಿನಿಂದ ದಿನವೂ ಹಾಗೇ ಹೋಗುತ್ತಿದ್ದಳು. ಅವಳ ಒಂಟಿತನ ನೋಡಿ ಹಿರಿಯನಿಗೆ ಕರುಣೆ ಹುಟ್ಟಿತೆಂದು ಹೇಳಿದರೆ ಅರ್ಧ ಸುಳ್ಳು. ಹುಟ್ಟಿದ್ದು ಅಂಜಿಕೆ. ನಾಳೆ ಆ ಜಾಗದಲ್ಲಿ ನಾನಿದ್ದರೆ? ನನ್ನ ಮನೆ ಕಡೆಗೂ ಯಾರೂ ತಿರುಗಿ ನೋಡದಿದ್ದರೆ?

ಹಿರಿಯನ ಮಗಳು ಸಿಂಧುಜಾ ಊಟಿಯಲ್ಲಿ ಎಂ.ಎ. ಓದುತ್ತಿದ್ದಳು, ಸಮಾಜಶಾಸ್ತ್ರ. ರಜೆಗೆ ಬಂದವಳು ಅಪ್ಪನನ್ನು ಒಲೆಯ ಪಕ್ಕ ಕೂರಿಸಿ, ಪಾಪಗಳನ್ನೆಲ್ಲ ಹೇಳಿಸಿ, ಫೋನಿನಲ್ಲಿ ಹಿಡಿದಿಟ್ಟುಕೊಂಡಳು.

"ಅಪ್ಪಾ, ಎಂಗ ಪಾಠದಲ್ಲಿ ಎರಡು ಪಾರ್ಟಿ" ಎಂದಳು. "ಒಬ್ಬರು ಹೇಗೋದು, ದೇವರು, ಹಬ್ಬ, ನೇಮ ಎಲ್ಲಾ ಮನೆಗ ಕಂಬ, ತೆಗೆದರೆ ಮನೆ ಬಿದ್ದುಹೋಕು. ಇನ್ನೊಬ್ಬರು ಹೇಗೋದು, ಅದೇ ದೇವರ ಹೆಸರ ಎತ್ತಿಕೊಂಡು ಜನ ಹಳೆ ಗೋಡೆ ಒಡೆದು ಹೊಸ ಬಾಗಿಲ ಇಟ್ಟಾರೆ."

"ಒಳಗ ಜನ ಇದ್ದರಲ್ಲ ಅಮ್ಮಾ" ಎಂದ ಹಿರಿಯ ಗಾಬರಿಯಿಂದ. "ಗೋಡೆ ಒಡೆಯುವವರು ಅವರನ್ನ ಒಂದು ಮಾತು ಕೇಳಿದರಾ?"

ಸಿಂಧುಜಾ ಬಿದ್ದು ಬಿದ್ದು ನಕ್ಕಳು. ಆಮೇಲೆ ಫೋನನ್ನು ಮತ್ತೆ ಹಾಕಿ ಕೇಳುತ್ತ ಒಂದು ಕಡೆ ನಿಲ್ಲಿಸಿದಳು. "ಬೇರೆಯವನ ಉರುಳೆಗಿಳಂಗು ಹೊಲಕ್ಕ ಎಮ್ಮೆ ಬಿಟ್ಟ ಪಾಪ. ಅಪ್ಪಾ, ಉರುಳೆಗಿಳಂಗು ಈ ಬೆಟ್ಟಕ್ಕ ಬಂದದ್ದು ವೆಳ್ಳಕಾರನ ಕಾಲದಲ್ಲಿ ಅಲ್ಲವಾ? ಅದಕ ಮುಂಚೆ ಈ ಪಾಪ ಎಲ್ಲಿತ್ತು?"

ಹಿರಿಯನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಕಾಫಿ ಮೊಣಕಾಲಿಗೆ ಚೆಲ್ಲಿತು. ಬಿಳಿಯರು ಆಲೂಗಡ್ಡೆ ತಂದ ಮೇಲೆ, ಯಾರೋ ಒಬ್ಬ, ಬಹುಶಃ ಅವನದೇ ಮುತ್ತಜ್ಜ, ಜನರ ನಡುವೆ ಎದ್ದು ನಿಂತು ಒಂದು ಪಾಪವನ್ನು ಹೊಸದಾಗಿ ಸೇರಿಸಿದ್ದ. ಜನ "ಹೋಗಲಿ" ಎಂದಿದ್ದರು. ಅಂದಿನಿಂದ ಅದು ಹಳೆಯದಾಗಿತ್ತು. ಮಗಳು ಇದನ್ನು ಖುಷಿಯಿಂದ ಹೇಳಿದಳು, ಇವನಿಗೆ ನೆಲ ಅಲುಗಿದಂತಾಯಿತು. ಇಷ್ಟು ದಿನ ಬಿಡದೆ ಹೇಳುವುದಷ್ಟೇ ಅವನ ಭಾರವಾಗಿತ್ತು. ಸೇರಿಸಲೂ ಬಹುದು ಎಂದಾದರೆ, ಸೇರಿಸದಿರುವುದೂ ಅವನ ಮೇಲೆಯೇ ಬಂತಲ್ಲ.

ಇದಾದ ಮೇಲಿನ ಮಳೆಗಾಲದಲ್ಲಿ ಹಾಲನ್ ಗೌಡರು ಹಾಸಿಗೆ ಹಿಡಿದರು. ಶ್ವಾಸಕೋಶದ ತೊಂದರೆ. ಕೊಯಮತ್ತೂರಿನ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಒಂದು ಮಧ್ಯಾಹ್ನ ಹಿರಿಯನಿಗೆ ಕರೆ ಬಂತು. ಹೋದಾಗ ಗೌಡರ ಮಗ ಸೆಲ್ವಕುಮಾರ್ ಔಷಧ ತರಲು ಕೋತಗಿರಿಗೆ ಹೊರಟಿದ್ದ. ಸೆಲ್ವಕುಮಾರ್ ಮುಂಗೋಪಿ, ಆದರೆ ಅಪ್ಪ ಎಂದರೆ ಪ್ರಾಣ. ಮುಂದಿನ ಯಜಮಾನ ಅವನೇ ಎಂದು ಎಲ್ಲರೂ ಬಲ್ಲರು.

"ಬಾಗಿಲ ಹಾಕು" ಎಂದರು ಗೌಡರು. ಹಿರಿಯ ಹಾಕಿದ. "ನನ್ನ ಸಾವುಗ ನೀ ತಾನೆ ಹೇಗೋದು?"

"ಅಂಥ ಮಾತು ಏಕ ಅಣ್ಣಾ? ನಿಂಗ ಎದ್ದು ಬಂದು..."

"ಸುಳ್ಳು ಬೇಡ. ಅದೂ ಒಂದು ಪಾಪ ಎಂದು ನೀನೇ ಹೇಗಿದೆ." ಗೌಡರು ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಹೇಳಿದರು. "ಒಂದು ಹೆಚ್ಚು ಹೇಗು. ಸತ್ತವಳಿಗ ಮನೆ ತೆರೆದವಳ ಮೇಲೆ ಹಟ್ಟಿಯ ಬಾಗಿಲ ಹಾಕಿದ ಪಾಪ."

ಹಿರಿಯ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದ. "ಅಣ್ಣಾ, ನಿಂಗಳೇ ಕೂಟದಲ್ಲಿ ತಂಗಮ್ಮಾ ಬಾ ಎಂದರೆ ಆತಲ್ಲ. ಒಂದು ಮಾತು."

"ಅಂಜಿಕೆ" ಎಂದರು ಹಾಲನ್ ಗೌಡರು.

ಹಿರಿಯ ತನ್ನ ಕಿವಿಯನ್ನೇ ನಂಬಲಿಲ್ಲ. ಗೌಡರು ನಿಧಾನವಾಗಿ, ಉಸಿರು ಜೋಡಿಸಿಕೊಂಡು ಹೇಳಿದರು. "ಅವಳು ಹೆಣಕ್ಕ ದೀಪ ಹಚ್ಚಿದ್ದು ಹೆತ್ತೆಗ ಮೆಚ್ಚುಗೆ ಎಂದು ಅಂದೇ ಎನಗ ಗೊತ್ತಿತ್ತು. ಆದರೆ ಯಜಮಾನ ಒಂದು ಮಾತ ತಿರುಗಿ ತಕ್ಕೊಂಡರೆ ಎಲ್ಲಾ ಮಾತೂ ತಿರುಗುವದು. ಸಾರಾಯಿ ಬೇಡ ಎಂದದ್ದೂ, ಮಣ್ಣ ಮಾರಬೇಡ ಎಂದದ್ದೂ. ಆಗ ಹಟ್ಟಿಯ ಯಾರು ಹಿಡಿವರು?" ಕೈ ಚಾಚಿ ಹಿರಿಯನ ಮಣಿಕಟ್ಟು ಹಿಡಿದರು. ಆ ಕೈಯಲ್ಲಿ ಬಲವೇ ಇರಲಿಲ್ಲ. "ನಾ ಹೇಗಿದೆ ಎಂದು ಯಾರಿಗೂ ಹೇಗಬೇಡ. ಸೆಲ್ವನಿಗೂ ಬೇಡ, ತಂಗಮ್ಮಗೂ ಬೇಡ. ಹೆತ್ತೆ ಮೇಲೆ ಆಣೆ ಇಡು."

ಹಿರಿಯ ಆಣೆ ಇಟ್ಟ. ಇಡದಿರಲು ಧೈರ್ಯ ಬೇಕಲ್ಲ!

ಬುಧವಾರ ಬೆಳಿಗ್ಗೆ ಗೌಡರು ಹೋದರು. ಸುದ್ದಿ ಕೇಳಿದ ಹಿರಿಯ ಹಿತ್ತಲಿಗೆ ಓಡಿದ. ವಾಪಸು ಬಂದಾಗ ಪಂಕಜಂ ಬಿಳಿ ಮುಂಡಾಸು ಮಡಿಚಿ ಇಟ್ಟಿದ್ದಳು. ಅವನ ಮುಖ ನೋಡಿ, "ಏನ ಆತ?" ಎಂದಳು.

"ಇಂದು ಒಂದು ಹೊಸ ಪಾಪ ಹೇಗಬೇಕು" ಎಂದ. ಯಾವ ಪಾಪ ಎಂದೂ ಹೇಳಿದ. ಯಾರು ಹೇಳಿದ್ದು ಎಂದು ಹೇಳಲಿಲ್ಲ.

ಪಂಕಜಂ ನಗುವುದನ್ನು ಮರೆತಳು. "ಮರುಳಾ ನಿಂಗಕ? ಹೆಣದ ಮುಂದೆ ಯಜಮಾನನ ಮಾನ ತೆಗೆವದಾ? ಸೆಲ್ವ ಸುಮ್ಮನೆ ಬಿಡುವನಾ? ನಾಳೆ ಎಂಗಳ ಹೊರಗ ಹಾಕುವರು. ಹೆಣ್ಣಮಗು ಒಂದು ಇದೆಯಲ್ಲ ಮನೆಯಲ್ಲಿ." ಅವನ ಎರಡೂ ಕೈ ಹಿಡಿದುಕೊಂಡಳು. "ಜೀವನ ಇಡೀ ಅಂಜಿದಿರಿ, ಇಂದು ಒಂದು ದಿನ ಅಂಜಿಕೆ ಬಿಡಬೇಡಿ ಎನ್ನ ರಾಜಾ."

ಅವಳಿಗೆ ಏನು ಗೊತ್ತು, ಹೇಳುವುದಕ್ಕೂ ಅಂಜಿಕೆಯೇ ತಳ್ಳುತ್ತಿತ್ತು, ಹೇಳದಿರುವುದಕ್ಕೂ ಅಂಜಿಕೆಯೇ ಎಳೆಯುತ್ತಿತ್ತು. ಹೇಳದಿದ್ದರೆ ಸತ್ತವರ ಪಾಪ ಸತ್ತವರ ಜೊತೆಗೇ ಹೋಗುತ್ತದೆ, ಸಾಯುವಾಗ ಅವರು ಒಪ್ಪಿಸಿದ ಮಾತು ಇವನನ್ನು ತಿನ್ನುತ್ತದೆ. ಹೇಳಿದರೆ ಬದುಕಿರುವವರು ತಿನ್ನುತ್ತಾರೆ. ಅತ್ತ ದರಿ, ಇತ್ತ ಪುಲಿ.

ಹಟ್ಟಿಯ ಮುಂದಿನ ಬಯಲು ಬೆಳ್ಳಗಾಗಿತ್ತು. ಸುತ್ತಲಿನ ಹಟ್ಟಿಗಳಿಂದ ಬಿಳಿ ಬಟ್ಟೆಯ ಹೆಂಗಸರು, ಬಿಳಿ ಮುಂಡಾಸಿನ ಗಂಡಸರು. ಗೌಡರನ್ನು ಮಂಚದ ಮೇಲೆ ಮಲಗಿಸಿ, ಮೇಲೆ ಬಣ್ಣದ ಬಟ್ಟೆಯ ಗೋಪುರ ಕಟ್ಟಿದ್ದರು. ಹೆಂಗಸರು ಒಬ್ಬೊಬ್ಬರೇ ಬಂದು ಹೆಣಕ್ಕೆ ಸುತ್ತು ಬಂದು ಧಾನ್ಯ ಹಾಕಿದರು. ಮೊದಲು ಹಾಕಬೇಕಾದವಳು ಒಡಹುಟ್ಟಿದವಳು. ಆ ಜಾಗಕ್ಕೆ ಯಾರೂ ನಿಲ್ಲಲಿಲ್ಲ, ಆ ಮಾತನ್ನೂ ಯಾರೂ ಎತ್ತಲಿಲ್ಲ.

ತಂಗಮ್ಮ ಮೇಲಿನ ಟೀ ತೋಟದಲ್ಲಿ, ಸೊಂಟದೆತ್ತರದ ಗಿಡಗಳ ನಡುವೆ ನಿಂತಿದ್ದಳು. ತುಂಡು ಎನ್ನುವ ಬಿಳಿ ಬಟ್ಟೆ ಹೊದ್ದು ತಲೆ ಕಟ್ಟಿಕೊಂಡಿದ್ದಳು. ಕಂಡವರೆಲ್ಲ ಕಾಣದವರಂತೆ ಇದ್ದರು.

ಹಿರಿಯ ಎದ್ದು ನಿಂತ. ಹೇಳಲು ಶುರುಮಾಡಿದ. ಗಡಿಕಲ್ಲು ಸರಿಸಿದ ಪಾಪ. "ಪಾಪ, ಹೋಗಲಿ!" ಬಯಲು ಗುಡುಗಿತು. ಹೊಳೆ ನೀರಿಗೆ ಅಡ್ಡ ಕಟ್ಟಿದ ಪಾಪ. "ಪಾಪ, ಹೋಗಲಿ!" ಎಳೆಗರುವಿಗೆ ಬಿಡದೆ ಹಾಲು ಕರೆದ ಪಾಪ. ದಾರಿ ಕೇಳಿದವನಿಗೆ ಸುಳ್ಳು ದಾರಿ ತೋರಿದ ಪಾಪ. ಬಾಯಿ ತನ್ನಷ್ಟಕ್ಕೆ ಹೇಳುತ್ತಿತ್ತು, ಅವನು ಮಾತ್ರ ಬೇರೆಲ್ಲೋ ನಿಂತು ನಡುಗುತ್ತಿದ್ದ. ಪಾಪಗಳು ಮುಗಿಯುತ್ತ ಬಂದವು. ಅವು ಇನ್ನಷ್ಟು ಇರಬಾರದಿತ್ತೇ ಎನ್ನಿಸಿತು. ಆಲೂಗಡ್ಡೆ ಹೊಲಕ್ಕೆ ಎಮ್ಮೆ ಬಿಟ್ಟದ್ದೂ ಬಂತು, ಹೋಯಿತು. ಎಲ್ಲರೂ ಮಂಚ ಎತ್ತಲು ಬಗ್ಗಿದರು.

"ಸತ್ತವಳಿಗ ಮನೆ ತೆರೆದವಳ ಮೇಲೆ" ಎಂದ ಹಿರಿಯ. ಸ್ವರ ಒಡೆಯಿತು. ಮತ್ತೆ ಎತ್ತಿದ. "ಹಟ್ಟಿಯ ಬಾಗಿಲ ಹಾಕಿದ ಪಾಪ!"

ಮಂಚಕ್ಕೆ ಬಗ್ಗಿದವರು ಹಾಗೇ ಬಗ್ಗಿ ನಿಂತರು, "ಹೋಗಲಿ" ಬರಲಿಲ್ಲ. ಹಿರಿಯನಿಗೆ ಅಪ್ಪನ ಬೆದರಿಕೆ ನೆನಪಾಯಿತು. ಇನ್ನೊಮ್ಮೆ ಹೇಳಿದ. ಹೆಂಗಸರ ಗುಂಪಿನಲ್ಲಿ ಪಂಕಜಂ ಮುಖ ಮುಚ್ಚಿಕೊಂಡದ್ದು ಕಾಣಿಸಿತು.

ಸೆಲ್ವಕುಮಾರ್ ಮಂಚದ ಕಾಲು ಬಿಟ್ಟು ಇವನ ಹತ್ತಿರ ಬಂದ. ಅತ್ತು ಕೆಂಪಾದ ಕಣ್ಣು. "ಕುನ್ನಪ್ಪಾ" ಎಂದ. ಚಿಕ್ಕಪ್ಪನನ್ನು ಅಲ್ಲಿ ಹಾಗೆ ಕರೆಯುತ್ತಾರೆ. "ಇದ ಯಾರ ಕಲಿಸಿದ್ದು? ನಿಂಗ ಅಪ್ಪನಾ?"

"ಇಲ್ಲೆ."

"ಮತ್ತೆ ಯಾರ?"

ಉತ್ತರ ನಾಲಗೆಯ ತುದಿಗೆ ಬಂದಿತ್ತು. ನಿನ್ನ ಅಪ್ಪನೇ ಎಂದರೆ ಆ ಕ್ಷಣಕ್ಕೆ ಬಚಾವು. ಮಂಚದ ಮೇಲಿನ ಮುಖ ನೋಡಿದ. ಇಟ್ಟ ಆಣೆ ನೆನಪಾಯಿತು. "ನಾನೇ ಸೇರಿಸಿದೆ" ಎಂದ.

ಸೆಲ್ವಕುಮಾರ್ ಕೈ ಎತ್ತಿದ. ಹಿರಿಯ ಕಣ್ಣು ಮುಚ್ಚಿದ. ಏಟು ಬೀಳಲಿಲ್ಲ. ಹಟ್ಟಿಯ ಅತಿ ವಯಸ್ಸಾದ ಅರಿ ಎಂಬ ಮುದುಕ ನಡುವೆ ಕೋಲು ಇಟ್ಟಿದ್ದ. ಅರಿಯ ಮುಖದಲ್ಲೂ ಅಂಜಿಕೆಯೇ. "ಹೇಗಿಯಾತಲ್ಲ ಸೆಲ್ವಾ. ಬಾಯಿಂದ ಬಂದ ಪಾಪ ಒಳಗ ಹೋಗದು. ಉತ್ತರ ಇಲ್ಲದೆ ಎತ್ತಿದರೆ ನಿನ್ನ ಅಪ್ಪನ ಜೊತೆಗೇ ಹೋಕು."

ಬಯಲಿನಲ್ಲಿದ್ದವರಿಗೆಲ್ಲ ಈಗ ಹಿರಿಯನ ಕಾಯಿಲೆ ಅಂಟಿತು. ಹೋಗಲಿ ಎಂದರೆ ಕೂಟದ ತೀರ್ಪು ಪಾಪವೆಂದು ಒಪ್ಪಿದಂತೆ. ಎನ್ನದಿದ್ದರೆ ಗೌಡರನ್ನು ಆ ಪಾಪದ ಜೊತೆ ಸುಡಬೇಕು. ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಮೊದಲಿಗರಾಗಲು ತಯಾರಿಲ್ಲ.

ಆಗ ಮೇಲಿನಿಂದ ಕೂಗು ಬಂತು.

"ಪಾಪ, ಹೋಗಲಿ!"

ತಂಗಮ್ಮ ಎರಡು ಕೈಯನ್ನೂ ಬಾಯಿಗೆ ಅಡ್ಡ ಹಿಡಿದು ಕೂಗಿದ್ದಳು. "ಪಾಪ, ಹೋಗಲಿ! ಎನ್ನ ಅಣ್ಣನ ಪಾಪ ಹೋಗಲಿ!" ಕೊನೆಯ ಮಾತು ಅಳುವಿನಲ್ಲಿ ಮುಳುಗಿತು.

ಅಷ್ಟೂ ಜನ ಮೇಲೆ ನೋಡಿದರು. ಐದು ವರ್ಷದಲ್ಲಿ ಹಟ್ಟಿ ಅವಳನ್ನು ನೇರವಾಗಿ ನೋಡಿದ್ದು ಅದೇ ಮೊದಲು.

ಸೆಲ್ವಕುಮಾರ್ ಅರಿಯ ಕಡೆ ತಿರುಗಿದ. ಅವನ ಸಿಟ್ಟು ಎಲ್ಲಿ ಹೋಗಿತ್ತೋ, ದಾರಿ ತಪ್ಪಿದ ಹುಡುಗನ ದನಿ ಬಂದಿತ್ತು. "ಮಾಮಿ ಹೇಗಿದ್ದು ಸೇರುವದಾ?"

"ಹೊರಗ ಇದ್ದವಳ ಮಾತು ಎಂತು ಸೇರುವದು?" ಎಂದ ಅರಿ.

ಸೆಲ್ವಕುಮಾರ್ ಹಿರಿಯನನ್ನು ನೋಡಿದ. ಇದು ಹೇಳುವವನೇ ತೀರ್ಮಾನಿಸಬೇಕಾದ ವಿಷಯ. ಹಿರಿಯ ಗುಡ್ಡದ ಮೇಲೆ ನಿಂತವಳ ಕಡೆ ನೋಡಿದ. "ಹಟ್ಟಿಯವಳಾದರೆ ಸೇರುವದು" ಎಂದ ಅವನು. "ಆಗದಿದ್ದರೆ ಇಲ್ಲೆ."

ಸೆಲ್ವಕುಮಾರ್ ಅಪ್ಪನ ಮುಖದ ಹತ್ತಿರ ಹೋಗಿ ನಿಂತ. ಹಣೆಯ ಮೇಲೆ ಬಿದ್ದಿದ್ದ ಒಂದು ಕಾಳನ್ನು ಬೆರಳಿನಿಂದ ತೆಗೆದ. ಕೂಟವನ್ನು ಕೇಳಬೇಕು, ಗುಡಿಯಲ್ಲಿ ಹೂ ಕೇಳಬೇಕು, ಅವೆಲ್ಲ ಇದ್ದವು. ಅವನು ಯಾವುದನ್ನೂ ಕೇಳಲಿಲ್ಲ. ಗುಡ್ಡದ ಕಡೆ ತಿರುಗಿ ಕೂಗಿದ.

"ಮಾಮೀ, ಕೆಳಗ ಬಾ. ಧಾನ್ಯ ಹಾಕು."

ಅವಳು ಇಳಿದು ಬಂದಳು. ಗಿಡಗಳ ನಡುವೆ ಜಾಡು ಇದ್ದರೂ ಎಡವುತ್ತ ಬಂದಳು. ಹೆಂಗಸರು ದಾರಿ ಬಿಟ್ಟರು. ಕೆಲವರು ಗೌರವಕ್ಕೆ ಬಿಟ್ಟರು, ಕೆಲವರು ಮೈ ತಾಗೀತೆಂದು ಬಿಟ್ಟರು, ನೋಡುವವರಿಗೆ ಎರಡೂ ಒಂದೇ ಥರ ಕಂಡಿತು. ಧಾನ್ಯದ ತಟ್ಟೆಯನ್ನು ಸೆಲ್ವಕುಮಾರನೇ ಹಿಡಿದ. ಅವಳು ಅಣ್ಣನ ಎದೆಯ ಮೇಲೆ ಧಾನ್ಯ ಹಾಕಿದಾಗ ಅರಿ ಮೊದಲು ಬಾಯಿ ತೆರೆದ. "ಪಾಪ, ಹೋಗಲಿ." ಆಮೇಲೆ ಬಯಲು ಪೂರ್ತಿ ಅದನ್ನೇ ಅಂದಿತು, ಮೊದಲಿನಷ್ಟು ಗಟ್ಟಿಯಾಗಿ ಅಲ್ಲ.

ಮಂಚ ಎತ್ತಿ ಹೊರಟ ಮೇಲೆ ತಂಗಮ್ಮ ಹಿರಿಯನ ಮುಂದೆ ಬಂದು ನಿಂತಳು. ಅಕ್ಕಪಕ್ಕದಲ್ಲಿ ಜನರಿದ್ದರು. "ಹಿರಿಯಣ್ಣಾ" ಎಂದಳು ಮೆಲ್ಲಗೆ. "ನಿಜ ಹೇಗು. ಇದ ನೀನೇ ಸೇರಿಸಿದೆಯಾ? ಇಲ್ಲೆ ಎಂದರೆ ಅಣ್ಣ ಹೇಗಿದನಾ?"

ಅವಳ ಕಣ್ಣಲ್ಲಿದ್ದ ಆಸೆ ನೋಡಿ ಹಿರಿಯನಿಗೆ ಅಂದಿನ ಅಷ್ಟೂ ಅಂಜಿಕೆಗಿಂತ ದೊಡ್ಡ ಅಂಜಿಕೆಯಾಯಿತು. "ನಾನೇ" ಎಂದ.

ಅವಳು ತಲೆಯಾಡಿಸಿ ಹೆಣದ ಹಿಂದೆ ನಡೆದಳು.

ಇದು ಹೋದ ವರ್ಷದ ಮಾತು. ಈಗ ತಂಗಮ್ಮನ ಎಲೆ ಹಟ್ಟಿಯ ಶೆಡ್ಡಿನಲ್ಲೇ ತೂಕವಾಗುತ್ತದೆ. ಹೆತ್ತೆ ಹಬ್ಬಕ್ಕೆ ಅವಳ ಕಾಣಿಕೆ ತಕ್ಕೊಂಡರು. ಇನ್ನೂ ಅವಳ ಮನೆಯ ನೀರು ಕುಡಿಯದವರು ಇದ್ದಾರೆ, ಅವರ ಮುಂದೆ ಯಾರೂ ಜೋರು ಮಾಡಿಲ್ಲ. ಮುಂದಿನ ಸಾವುಗಳಲ್ಲಿ ಆ ಪಾಪವನ್ನೂ ಸೇರಿಸಿಯೇ ಹೇಳಬೇಕೆಂದು ಅರಿ ಹೇಳಿದ್ದಾನೆ. ಸೆಲ್ವಕುಮಾರ್ ಯಜಮಾನನಾಗಿದ್ದಾನೆ. ಮೊನ್ನೆ ರೆಸಾರ್ಟಿನವರು ಮತ್ತೆ ಬಂದಿದ್ದರು. "ಅಪ್ಪ ಬೇಡ ಎಂದದ್ದು ಬೇಡ" ಎಂದ, ಅವರು ಕಾರು ತಿರುಗಿಸಿದರು. ಸಿಂಧುಜಾ ಊಟಿಯಲ್ಲಿ ಅಪ್ಪನ ಧೈರ್ಯದ ಬಗ್ಗೆ ಪ್ರಬಂಧ ಓದಿದಳಂತೆ. ಹಟ್ಟಿಯಲ್ಲೂ ಅವನಿಗೆ ಈಗ ಧೈರ್ಯವಂತನೆಂಬ ಹೆಸರು. ಪಂಕಜಂ ಮಾತ್ರ ನಂಬಿಲ್ಲ.

ಅವಳೇ ಸರಿ. ಹಿರಿಯ ಈಗ ಮೊದಲಿಗಿಂತ ಹೆಚ್ಚು ಅಂಜುತ್ತಾನೆ. ಗೌಡರೇ ತಮ್ಮ ತೀರ್ಪನ್ನು ನಂಬಿರಲಿಲ್ಲ ಎಂಬ ಒಂದು ಮಾತು ಹೊರಬಿದ್ದರೆ, "ಅಪ್ಪ ಬೇಡ ಎಂದದ್ದು ಬೇಡ" ಎಂಬ ಮಾತಿಗೆ ಎಷ್ಟು ತೂಕ ಉಳಿದೀತು? ಆ ಒಂದು ಮಾತು ಹೊರಬೀಳದಿದ್ದರೆ ಇನ್ನೊಂದು ಜೀವ ಉಳಿದ ದಿನವನ್ನೆಲ್ಲ ಹೇಗೆ ಕಳೆದೀತು? ಶೆಡ್ಡು ಮುಚ್ಚಿ ಮನೆಗೆ ಹೋಗುವ ದಾರಿಯಲ್ಲಿ ಅವನು ತಂಗಮ್ಮನ ಮನೆಗೆ ಹೋಗಿ ಕೂರುತ್ತಾನೆ, ಇಂದು ಹೇಳಿಬಿಡೋಣ ಎಂದುಕೊಂಡೇ ಹೋಗುತ್ತಾನೆ. ಅವಳು ಕಾಫಿ ಕೊಡುತ್ತಾಳೆ.

ಹೋದ ವಾರವೂ ಕೊಟ್ಟಳು. ಒಲೆಗೆ ಸೌದೆ ತಳ್ಳುತ್ತ ಕೇಳಿದಳು. "ಕೊನೆಗ ನಿನ್ನ ಕರೆಸಿದ್ದ ಅಲ್ಲವಾ ಅಣ್ಣ? ಏನ ಮಾತಾಡಿದ?"

"ಸುಮ್ಮನೆ. ಎಲೆ ವಿಷಯ."

"ಎನ್ನ ಹೆಸರ ಒಂದು ಸಲ ಆದರೂ ಎತ್ತಿದನಾ?"

ಹಿರಿಯ ಲೋಟದೊಳಗೆ ನೋಡಿದ. "ಇಲ್ಲೆ" ಎಂದ.

ತಂಗಮ್ಮ ತುಂಡಿನ ಅಂಚಿನಿಂದ ಕಣ್ಣು ಒರೆಸಿಕೊಂಡಳು. "ಕಲ್ಲು ಮನುಷ್ಯ" ಎಂದಳು.

"ಕಲ್ಲು" ಎಂದ ಹಿರಿಯ.